ನಿಮಗಿದು ಗೊತ್ತೇ? ನಲವತ್ತು ದಿನದ ದೊರೆ, ಮೂರು ಗುಲಗಂಜಿ ತೂಕದ ಹಣ

ದಿನಕ್ಕೆ ಹತ್ತಾರು ಸಲ ನಾವಾಡುವ ‘ಹಣ’ ಎಂಬ ಮಾತು ಒಂದು ಕಾಲಕ್ಕೆ ನಾಣ್ಯವೊಂದರ ಹೆಸರಾಗಿತ್ತು, ಗೊತ್ತೇ? ಅದು ಚಿನ್ನದ ಪುಟ್ಟ ನಾಣ್ಯ. ಹತ್ತು ಹಣ ಸೇರಿದರೆ ಒಂದು ವರಹ. ಹಣವನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು ಹಾಗ, ಹದಿನಾರು ಪಾಲು ಮಾಡಿದರೆ ವೀಸ. ದುಡ್ಡು, ಕಾಸು ಎರಡೂ ತಾಮ್ರದವು. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡುವವರೂ ಹನೂರಿನ ಸಂತೆಯಲ್ಲಿ ರಾಗಿ ಅಳೆಸಿಕೊಳ್ಳುವವರೂ ಇವತ್ತಿಗೂ ಆ ನಾಣ್ಯಗಳ ಹೆಸರಿನಲ್ಲೇ ಮಾತಾಡುತ್ತಾರೆ. ಟಂಕಸಾಲೆಗೆ ಹಳಗನ್ನಡದಲ್ಲಿದ್ದ ಹೆಸರು ಕಮ್ಮಟ.

ಆ ಹಣ ಎಷ್ಟು ದೊಡ್ಡದಿತ್ತು? ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊಡೆಸಿದ ಕಂಠೀರಾಯ ಹಣವೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಹಣೆಗಿಡುವ ಕುಂಕುಮದ ಬೊಟ್ಟಿನಷ್ಟಿದೆ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋದೀತು ಎನ್ನಿಸುತ್ತದೆ. ತೂಕ ಒಂದು ಗ್ರಾಮಿನ ಮೂರನೆಯ ಒಂದು ಪಾಲು. ಚಿನಿವಾರರ ಹಳೆಯ ಲೆಕ್ಕದಲ್ಲಿ ಸುಮಾರು ಮೂರು ಗುಲಗಂಜಿ. ಇಷ್ಟು ಚಿಕ್ಕ ಜಾಗದಲ್ಲಿ ಮುಮ್ಮುಖದ ಮೇಲೆ ಕುಳಿತ ನರಸಿಂಹನಿದ್ದಾನೆ, ಹಿಮ್ಮುಖದಲ್ಲಿ ನಾಗರಿ ಅಕ್ಷರದ ‘ಶ್ರೀ ಕಂಠೀರವ’ ಮೂರು ಸಾಲಾಗಿ ಮಡಿಸಿಕೊಂಡು ಕೂತಿದೆ. ಕಂಠೀರವ ಎಂದರೆ ಸಿಂಹ. ದೊರೆಯ ಹೆಸರನ್ನೂ ದೇವರ ರೂಪವನ್ನೂ ಒಂದೇ ಅಚ್ಚಿಗೆ ಹೊಂದಿಸಿದ ಆ ಕಮ್ಮಟಿಗನ ಕೈಗೆ ನಮಸ್ಕರಿಸಬೇಕು.

ಮೈಸೂರು ಅರಸರಲ್ಲಿ ಸ್ವಂತ ನಾಣ್ಯ ಹೊಡೆಸಿದವರು ಮೊದಲು ಇದೇ ಕಂಠೀರವ ನರಸರಾಜ ಒಡೆಯರು. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಶುರುವಾದದ್ದು 1645ರಲ್ಲಿ. ಅವರಿಗಿಂತ ಮೊದಲು ಸಿಂಹಾಸನದ ಮೇಲಿದ್ದವರು ಇಮ್ಮಡಿ ರಾಜ ಒಡೆಯರು. 1637ರಲ್ಲಿ ಪಟ್ಟಕ್ಕೆ ಬಂದ ಅವರನ್ನು 1638ರಲ್ಲಿ ದಳವಾಯಿ ವಿಕ್ರಮರಾಯ ವಿಷವಿಕ್ಕಿಸಿ ಕೊಲ್ಲಿಸಿದ. ಒಂದೂವರೆ ವರ್ಷದ ಆ ಆಳ್ವಿಕೆಗೆ ನಾಣ್ಯವಿಲ್ಲ. ಆಮೇಲೆ ತೆರಕಣಾಂಬಿಯಿಂದ ಬಂದ ಕಂಠೀರವರು ದಳವಾಯಿಯ ಲೆಕ್ಕ ತೀರಿಸಿದರು, ರಾಜ್ಯ ಹಿಗ್ಗಿಸಿದರು, ಕಮ್ಮಟ ಕಟ್ಟಿಸಿದರು.

ಇನ್ನೊಂದು ಗೊತ್ತೇ? ‘ಶ್ರೀ ಕಂಠೀರವ’ ಎಂದು ಬರೆದಿದ್ದರೂ ಅದು ಕಂಠೀರವರ ನಾಣ್ಯವೇ ಆಗಿರಬೇಕೆಂದಿಲ್ಲ! ಅವರು ತೀರಿಕೊಂಡದ್ದು 1659ರಲ್ಲಿ. ಸುಮಾರು 140 ವರ್ಷ ಕಳೆದು, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಮಗುವಾಗಿದ್ದಾಗ, ದಿವಾನ್ ಪೂರ್ಣಯ್ಯ ಅದೇ ಹೆಸರಿನ, ಅದೇ ನರಸಿಂಹನ ಹಣವನ್ನು ಮತ್ತೆ ಹೊಡೆಸಿದರು. ಜನಕ್ಕೆ ನಂಬಿಕೆ ಇದ್ದದ್ದು ಆ ಹೆಸರಿನ ಮೇಲೆ. ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಬಳಸುತ್ತಿದ್ದ ಜನರೇ ಗುರುತು ಇಟ್ಟಿದ್ದರು. ಮೊದಲಿನದು ತೆಳ್ಳಗೆ, ಅಗಲವಾಗಿರುವುದು: ‘ಅಗಲ ಕಂಠೀರಾಯ ಹಣ’. ಪೂರ್ಣಯ್ಯನವರದು ದಪ್ಪಗೆ, ಗಿಡ್ಡಗಿರುವುದು: ‘ಗಿಡ್ಡ ಕಂಠೀರಾಯ ಹಣ’. ಇಂದಿನ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ವ್ಯತ್ಯಾಸವನ್ನು ಸಂತೆಗೆ ಹೋಗುವ ಹೆಂಗಸರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಆ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ನಮ್ಮ ಯಳಂದೂರು.

ಕಂಠೀರಾಯ ವರಹ ಎಂಬ ನಾಣ್ಯವೇ ಇರಲಿಲ್ಲ ಎಂದರೆ ನಂಬುತ್ತೀರಾ? ಹತ್ತು ಕಂಠೀರಾಯ ಹಣ ಸೇರಿದರೆ ಒಂದು ಕಂಠೀರಾಯ ವರಹ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು, ಅಷ್ಟೇ. ಅದನ್ನು ಕಮ್ಮಟದಲ್ಲಿ ಯಾರೂ ಹೊಡೆಯಲಿಲ್ಲ. ಹಳೆಯ ಕಾಗದಪತ್ರದಲ್ಲಿ ಆ ಹೆಸರು ಕಂಡು ನಾಣ್ಯ ಹುಡುಕಲು ಹೊರಟರೆ ಸಿಗುವುದಿಲ್ಲ.

ಕೇವಲ ನಲವತ್ತು ದಿನ ಆಳಿದ ದೊರೆಯೊಬ್ಬ ನಾಣ್ಯ ಬಿಟ್ಟುಹೋಗಿದ್ದಾನೆ, ಗೊತ್ತೇ? ಇದು ನಮ್ಮಿಂದ ದಕ್ಷಿಣಕ್ಕೆ, ಮಧುರೆಯಲ್ಲಿ ನಡೆದದ್ದು. 1335ರ ಸುಮಾರಿಗೆ ಜಲಾಲುದ್ದೀನ್ ಅಹ್ಸನ್ ಎಂಬ ಅಧಿಕಾರಿ ದೆಹಲಿಯ ಹಂಗು ಹರಿದುಕೊಂಡು ತಾನೇ ಸುಲ್ತಾನನಾದ. ಅವನ ನಂತರ ಬಂದ ಅಲಾಉದ್ದೀನ್ ಉದೌಜಿ ಯುದ್ಧದ ನಡುವೆ ನೀರು ಕುಡಿಯಲು ಶಿರಸ್ತ್ರಾಣ ತೆಗೆದಾಗ ಬಾಣ ತಗುಲಿ ಸತ್ತ. ಅವನ ಅಳಿಯ ಕುತ್ಬುದ್ದೀನ್ ಫಿರೋಜನನ್ನು ಕೂರಿಸಿದರು; ನಲವತ್ತು ದಿನಕ್ಕೆ ಅವನನ್ನೂ ಕೊಂದರು. ಇದನ್ನೆಲ್ಲ ಬರೆದಿಟ್ಟವನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಅವನು ಜಲಾಲುದ್ದೀನನ ಮಗಳೊಬ್ಬಳನ್ನು ಮದುವೆಯಾಗಿದ್ದವನು, ಮಧುರೆಯಲ್ಲಿ ಇದ್ದು ಬಂದವನು. ನಲವತ್ತು ದಿನದ ಕುತ್ಬುದ್ದೀನನ ಹೆಸರಿನಲ್ಲಿ ಹಿಜರಿ 740ರ ನಾಣ್ಯಗಳು ಸಿಕ್ಕಿವೆ. ಹಿಜರಿ 740 ಎಂದರೆ ಕ್ರಿಸ್ತಶಕ 1339–40.

ಅವನ ನಂತರ ಬಂದ ಘಿಯಾಸುದ್ದೀನ್ ದಮಘಾನಿಯ ಹೆಸರನ್ನು ಕನ್ನಡಿಗರು ಮರೆಯುವಂತಿಲ್ಲ. 1342ರ ಸುಮಾರಿಗೆ ನಮ್ಮ ಹೊಯ್ಸಳ ದೊರೆ ಮುಮ್ಮಡಿ ವೀರಬಲ್ಲಾಳನನ್ನು ಸೆರೆಹಿಡಿದು ಕೊಂದವನು ಅವನೇ. ಮುದಿ ದೊರೆಯ ದೇಹವನ್ನು ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ಇಬ್ನ್ ಬತೂತ ಹೇಳಿದ್ದಾನೆ. ಅದನ್ನು ಓದುವಾಗ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಬ್ನ್ ಬತೂತ ಮಧುರೆ ಬಿಟ್ಟುಹೋದ ಮೇಲೆ ಆಳಿದ ಆದಿಲ್ ಷಾ, ಮುಬಾರಕ್ ಷಾ, ಸಿಕಂದರ್ ಷಾ ಎಂಬ ಸುಲ್ತಾನರ ಅನುಕ್ರಮವನ್ನು ನಮಗೆ ಮುಖ್ಯವಾಗಿ ತಿಳಿಸಿದ್ದು ಅವರ ನಾಣ್ಯಗಳೇ. ಇತಿಹಾಸಕಾರ ಮೌನವಾದ ಕಡೆ ನಾಣ್ಯ ಮಾತಾಡಿದೆ.

ನಲವತ್ತು ದಿನದಲ್ಲಿ ನಾಣ್ಯ ಹೊಡೆಸುವ ಅವಸರ ಏನಿತ್ತು? ಸುಲ್ತಾನರ ರೂಢಿಯಲ್ಲಿ ದೊರೆತನ ಸಿದ್ಧವಾಗುವುದು ಎರಡರಿಂದ: ಶುಕ್ರವಾರದ ಪ್ರಾರ್ಥನೆಯ ಖುತ್ಬಾದಲ್ಲಿ ಅವನ ಹೆಸರು ಓದಬೇಕು, ಸಿಕ್ಕಾ, ಅಂದರೆ ನಾಣ್ಯದ ಮೇಲೆ ಅವನ ಹೆಸರು ಬರಬೇಕು. ಹಾಗಾಗಿ ಗದ್ದುಗೆಗೆ ಬಂದವನು ಮೊದಲು ಕಮ್ಮಟಕ್ಕೆ ಹೇಳಿಕಳಿಸುತ್ತಿದ್ದ. 1311ರಲ್ಲಿ ದೋರಸಮುದ್ರವನ್ನು ದೋಚಿದ ಮಲಿಕ್ ಕಾಫೂರ್, 1316ರಲ್ಲಿ ಅಲಾಉದ್ದೀನ್ ಖಿಲ್ಜಿ ಸತ್ತಾಗ ಅವನ ಎಳೆಯ ಮಗ ಶಿಹಾಬುದ್ದೀನ್ ಉಮರನನ್ನು ಪಟ್ಟಕ್ಕೆ ಕೂರಿಸಿದ. ತಿಂಗಳೊಪ್ಪತ್ತಿನಲ್ಲಿ ಕಾಫೂರನ ತಲೆಯೇ ಉರುಳಿತು. ಆದರೂ ಆ ಮಗುವಿನ ಹೆಸರಿನ ನಾಣ್ಯ ಹೊರಬಿದ್ದಿತ್ತು.

ನಮ್ಮ ಕಡೆ ಹಾಗಿರಲಿಲ್ಲ. ಇಲ್ಲಿ ದೊರೆತನ ನಿಂತದ್ದು ಕಲ್ಲಿನ ಮೇಲೆ. ದತ್ತಿ ಕೊಟ್ಟರೆ ಶಾಸನ, ಕೆರೆ ಕಟ್ಟಿಸಿದರೆ ಶಾಸನ, ವೀರ ಸತ್ತರೆ ವೀರಗಲ್ಲು. ನಾಣ್ಯದ ಮೇಲೆ ತನ್ನ ಹೆಸರೇ ಇರಬೇಕೆಂಬ ಹಟ ಕನ್ನಡದ ಅರಸರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬಿರುದು ಬರೆಸಿದರು, ಲಾಂಛನ ಒತ್ತಿಸಿದರು, ದೇವರನ್ನು ಕೂರಿಸಿದರು. ಆದ್ದರಿಂದ ಇಲ್ಲಿನ ನಾಣ್ಯ ಯಾರದು ಎಂದು ಹೇಳಬೇಕಾದರೆ ಒಂದು ಕಣ್ಣು ಚಿನ್ನದ ಮೇಲೆ, ಇನ್ನೊಂದು ಕಣ್ಣು ಕಲ್ಲಿನ ಮೇಲೆ ಇರಲೇಬೇಕು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪಕ್ಕೆ ಹೋದವರಿಗೆ ಈ ಮಾತು ಥಟ್ಟನೆ ಹೊಳೆಯುತ್ತದೆ. ಒಂದೇ ಕಲ್ಲಿನಲ್ಲಿ ಒಂದಕ್ಕೊಂದು ಕೋದುಕೊಂಡ ಬಳೆಗಳನ್ನು ಬಿಡಿಸಿದ ಆ ಕೆಲಸವನ್ನು ನೋಡಿ. ಇಲ್ಲಿನ ಪಾಳೆಯಗಾರರು ತಮ್ಮ ಗುರುತನ್ನು ಎಲ್ಲಿ ಬಿಟ್ಟುಹೋಗಬೇಕೆಂದುಕೊಂಡಿದ್ದರು ಎಂಬುದು ಅರ್ಥವಾಗುತ್ತದೆ.

ಕೊಳ್ಳೇಗಾಲದಿಂದ ಹೊಳೆ ದಾಟಿದರೆ ಸಿಗುವ ತಲಕಾಡಿನ ಹೆಸರು ಚಿನ್ನದ ನಾಣ್ಯದ ಮೇಲಿದೆ, ಗೊತ್ತೇ? ಹೊಯ್ಸಳ ವಿಷ್ಣುವರ್ಧನನ ನಾಣ್ಯ ಅದು. ಒಂದು ಮುಖದ ಮೇಲೆ ಸಿಂಹ, ಇನ್ನೊಂದು ಮುಖದ ಮೇಲೆ ಹಳಗನ್ನಡದ ದಪ್ಪ ಅಕ್ಷರಗಳಲ್ಲಿ ಮೂರು ಸಾಲು: ‘ಶ್ರೀ ತಲಕಾಡುಗೊಂಡ’. ತೂಕ ಸುಮಾರು ನಾಲ್ಕು ಗ್ರಾಮ್. ತಲಕಾಡುಗೊಂಡ ಎಂದರೆ ತಲಕಾಡನ್ನು ಗೆದ್ದುಕೊಂಡವನು. ನೂರು ವರ್ಷಕ್ಕೂ ಮಿಕ್ಕಿ ಚೋಳರ ಕೈಯಲ್ಲಿದ್ದು ರಾಜರಾಜಪುರ ಎಂದು ಕರೆಸಿಕೊಂಡಿದ್ದ ಪಟ್ಟಣವನ್ನು ದಂಡನಾಯಕ ಗಂಗರಾಜ 1116ರ ಸುಮಾರಿಗೆ ಮರಳಿ ಗೆದ್ದುಕೊಟ್ಟ. ಆ ಗೆಲುವಿಗೆ ದೊರೆ ಕೀರ್ತಿನಾರಾಯಣ ದೇವಸ್ಥಾನ ಕಟ್ಟಿಸಿದ, ನಾಣ್ಯವನ್ನೂ ಹೊಡೆಸಿದ. ಇದೇ ಬಗೆಯ ಇನ್ನೊಂದು ನಾಣ್ಯದಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ಎರಡರಲ್ಲೂ ‘ವಿಷ್ಣುವರ್ಧನ’ ಎಂಬ ಹೆಸರಿಲ್ಲ ಎಂಬುದನ್ನು ಗಮನಿಸಿ.

ಹೆಸರಿಲ್ಲದ ಮೇಲೆ ಅವನದೇ ಎಂದು ಹೇಗೆ ಹೇಳಿದರು? ಅದೇ ಬಿರುದು ಅವನ ಶಾಸನಗಳಲ್ಲಿದೆ. ಆದರೆ ಬಿರುದು ಮನೆಯ ಆಸ್ತಿಯ ಹಾಗೆ ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ಮುಂದಿನ ಹೊಯ್ಸಳರ ಪ್ರಶಸ್ತಿಗಳಲ್ಲೂ ತಲಕಾಡು ಗೆದ್ದ ಮಾತು ಬರುತ್ತದೆ. ವಿಷ್ಣುವರ್ಧನನ ಮಗ ನರಸಿಂಹನ ನಾಣ್ಯದ ಮೇಲೆ ‘ಶ್ರೀ ಪ್ರತಾಪ ನರಸಿಂಹ’ ಎಂದೇ ಬರೆದಿರುವುದರಿಂದ ತಂದೆಯ ನಾಣ್ಯ ಯಾವುದು, ಮಗನದು ಯಾವುದು ಎಂಬ ಗೊಂದಲ ಕಡಿಮೆಯಾಗಿದೆ. ಹೀಗೆ ಒಂದು ನಾಣ್ಯ ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ.

ಇಂಥ ನಾಣ್ಯಗಳನ್ನು ಪುಸ್ತಕಕ್ಕೆ ತಂದವರಲ್ಲಿ ಮೊದಲಿಗರಾದ ಸರ್ ವಾಲ್ಟರ್ ಎಲಿಯಟ್ ಯಾರು ಗೊತ್ತೇ? 1824ರಲ್ಲಿ ಕಿತ್ತೂರು ಚೆನ್ನಮ್ಮನ ಕಡೆಯವರು ಸೆರೆಹಿಡಿದು ಕೋಟೆಯಲ್ಲಿಟ್ಟುಕೊಂಡಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಬದುಕಿ ಬಂದವನು ಧಾರವಾಡದ ಸೀಮೆಯಲ್ಲಿ ಕನ್ನಡ ಶಾಸನಗಳನ್ನು ನಕಲು ಮಾಡಿಸಿದ, ನಾಣ್ಯ ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಮೇಲೆ ಅವನ ಪುಸ್ತಕ ಬಂದದ್ದು 1886ರಲ್ಲಿ. ಅಷ್ಟು ಹೊತ್ತಿಗೆ ಅವನ ಕಣ್ಣು ಬಹುಮಟ್ಟಿಗೆ ಕಾಣಿಸುತ್ತಿರಲಿಲ್ಲ. ಕಣ್ಣು ಹೋದ ಮುದುಕ, ತಾನು ಜೀವಮಾನವೆಲ್ಲ ನೋಡಿದ ನಾಣ್ಯಗಳನ್ನು ನೆನಪಿನಿಂದ ಹೇಳುತ್ತ ಕೂತ ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮುಂದಿನ ವರ್ಷ ಅವನು ತೀರಿಕೊಂಡ. ನಮ್ಮ ಕಾಲಕ್ಕೆ ಬಂದರೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದ ಡಾ. ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಇಡೀ ಗ್ರಂಥವನ್ನೇ ತಂದರು.

ನಾಣ್ಯದ ಮೇಲೆ ಆನೆ ಇದ್ದ ಮಾತ್ರಕ್ಕೆ ಅದು ಟಿಪ್ಪುವಿನ ಕಾಸಲ್ಲ. ಗಂಗರದೆಂದು ಹೇಳುವ ಚಿನ್ನದ ಗದ್ಯಾಣದ ಮೇಲೆ ಆನೆ ಇದೆ. ಆನೆ ಬೇಟೆಯ ‘ಗಜಬೇಂಟೆಕಾರ’ ಬಿರುದಿನ ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲೂ ಆನೆ. ಟಿಪ್ಪುವಿನದರಲ್ಲಿ ಆನೆಯ ಜೊತೆಗೆ ಹಿಮ್ಮುಖದಲ್ಲಿ ಪರ್ಷಿಯನ್ ಬರಹ, ಟಂಕಸಾಲೆಯ ಊರು; ಮೌಲೂದಿ ಎಂಬ ಶಕೆಯ ವರ್ಷದ ಅಂಕಿಗಳನ್ನು ಅವನು ಬಲದಿಂದ ಎಡಕ್ಕೆ ಬರೆಸಿದ. ಮುಮ್ಮಡಿ ಕೃಷ್ಣರಾಜರ ಮಯಿಲಿ ಕಾಸಿನ ಮೇಲೂ ಆನೆ ಬಂತು, ಜೊತೆಗೆ ಶ್ರೀ, ಸೂರ್ಯ, ಚಂದ್ರ. ಸತ್ಯಮಂಗಲದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಆನೆ ತಿರುಗುವ ಸೀಮೆ ಇದು. ನಾಣ್ಯದಲ್ಲೂ ಆನೆಗೆ ದಾರಿ ಮಾಡಿಕೊಟ್ಟವರು ನಾವು.

ಗಂಗರ ಆನೆಯ ಮಾತು ಬಂದ ಮೇಲೆ ಇದನ್ನೂ ಕೇಳಿ. ಕನ್ನಡನಾಡಿನ ನಾಣ್ಯದ ಮಾದರಿ ಕಾಶ್ಮೀರದವರೆಗೆ ಹೋಗಿತ್ತು! 1089ರಿಂದ 1101ರವರೆಗೆ ಕಾಶ್ಮೀರವನ್ನಾಳಿದ ಹರ್ಷನಿಗೆ ದಕ್ಷಿಣದ ರೀತಿನೀತಿ ಎಂದರೆ ಪ್ರಾಣ. ಅವನು ಕರ್ಣಾಟದ ಮಾದರಿಯಲ್ಲಿ ನಾಣ್ಯ ಹೊಡೆಸಿದನೆಂದು ಕಲ್ಹಣ ರಾಜತರಂಗಿಣಿಯಲ್ಲಿ ಹೇಳುತ್ತಾನೆ. ಹರ್ಷನ ಚಿನ್ನದ ನಾಣ್ಯದ ಮೇಲೂ ಆನೆ ಇದೆ. ಕಾವೇರಿ ತೀರದ ಆನೆ ಝೇಲಂ ತೀರದಲ್ಲಿ ನಿಂತದ್ದು ಕಂಡಾಗ ಎದೆ ತುಂಬಿ ಬರುತ್ತದೆ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಮನೆಗಳ ಪದ್ಧತಿ. ನಾಣ್ಯ ಓದುವವರಿಗೆ ಇದೇ ದೊಡ್ಡ ತೊಡಕು, ಗೊತ್ತೇ? ‘ಶ್ರೀ ಪ್ರತಾಪ ದೇವರಾಯ’ ಎಂದಿರುವ ವರಹ ಯಾವ ದೇವರಾಯನದು? 1406ರಿಂದ 1422ರವರೆಗೆ ಆಳಿದ ಮೊದಲನೆಯವನದೋ, 1446ರಲ್ಲಿ ತೀರಿಕೊಂಡ ಇಮ್ಮಡಿ ದೇವರಾಯನದೋ? ಅವನ ಮಗ ಮಲ್ಲಿಕಾರ್ಜುನನನ್ನೂ ಶಾಸನಗಳು ಇಮ್ಮಡಿ ಪ್ರೌಢ ದೇವರಾಯ ಎನ್ನುತ್ತವೆ. ಇಬ್ಬರು ದೇವರಾಯರ ನಡುವೆ ರಾಮಚಂದ್ರರಾಯ ಕೆಲವು ತಿಂಗಳು, ವಿಜಯರಾಯ ಸ್ವಲ್ಪ ಕಾಲ ಬಂದುಹೋದರು. ಬುಕ್ಕರಾಯನೆಂದರೂ ಅಷ್ಟೇ. 1404ರಲ್ಲಿ ಇಮ್ಮಡಿ ಹರಿಹರ ತೀರಿಕೊಂಡ ಮೇಲೆ ಎರಡು ವರ್ಷದಲ್ಲಿ ವಿರೂಪಾಕ್ಷ ಕೂತ, ಇಮ್ಮಡಿ ಬುಕ್ಕ ಕೂತ, ಕೊನೆಗೆ ದೇವರಾಯ ಕೂತ. ‘ಬುಕ್ಕ’ ಎಂಬ ಎರಡಕ್ಷರ ಸಿಕ್ಕ ಕೂಡಲೇ ರಾಜ್ಯ ಕಟ್ಟಿದ ಬುಕ್ಕನನ್ನು ನೆನೆಯುವುದು ಸಹಜ. ಎರಡು ವರ್ಷ ತುಂಬದ ಬುಕ್ಕನೂ ಒಬ್ಬನಿದ್ದ ಎಂಬುದನ್ನು ಮರೆಯಬಾರದು.

ಇಂಗ್ಲೆಂಡಿಗೂ ಇದೇ ತಲೆನೋವು. 1483ರಲ್ಲಿ ಹನ್ನೆರಡು ವರ್ಷದ ಹುಡುಗ ಐದನೆಯ ಎಡ್ವರ್ಡ್ ಎಂಬತ್ತು ದಿನವೂ ತುಂಬದೆ ಗದ್ದುಗೆ ಕಳೆದುಕೊಂಡ. ಅಪ್ಪನ ಹೆಸರೂ ಎಡ್ವರ್ಡ್. ನಾಣ್ಯದ ಮೇಲಿನ ಹೆಸರು ನೋಡಿ ಅಪ್ಪ ಮಗನನ್ನು ಬೇರೆ ಮಾಡಲಾಗದೆ, ಅಂಚಿನಲ್ಲಿ ಒತ್ತಿದ ಅರ್ಧ ಸೂರ್ಯ ಅರ್ಧ ಗುಲಾಬಿಯ ಪುಟ್ಟ ಚಿಹ್ನೆ ಹಿಡಿದುಕೊಂಡು ಪಂಡಿತರು ಇಂದಿಗೂ ವಾದ ಮಾಡುತ್ತಿದ್ದಾರೆ.

ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಳೆಯ ನಾಣ್ಯಗಳ ಅರ್ಧ ಕಷ್ಟ ಇದರಿಂದ ಬಂದದ್ದು. ಚಿನ್ನವನ್ನೋ ತಾಮ್ರವನ್ನೋ ತೂಕ ನೋಡಿ ಬಿಲ್ಲೆ ಮಾಡಿ, ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಿಂದ ಒಂದು ಏಟು. ಕೈ ಒಂದು ಕೂದಲೆಳೆ ಸರಿದರೂ ಸಾಕು: ಮೇಲಿನ ಸಾಲು ‘ಶ್ರೀ ಪ್ರತಾ’ ಬರುತ್ತದೆ, ಕೆಳಗಿನ ಸಾಲು ‘ರಾಯ’ ಬರುತ್ತದೆ, ನಡುವೆ ಇರಬೇಕಾದ ದೊರೆಯ ಹೆಸರಿನ ಅರ್ಧ ಬಿಲ್ಲೆಯ ಆಚೆ ಹೋಗಿರುತ್ತದೆ. ಆಗ ಮಾಡುವ ಕೆಲಸ ಇದು: ಅದೇ ಅಚ್ಚಿನಿಂದ ಬಿದ್ದ ಇನ್ನೊಂದು ನಾಣ್ಯ ಹುಡುಕುವುದು. ಒಂದರಲ್ಲಿ ಎಡಭಾಗ, ಇನ್ನೊಂದರಲ್ಲಿ ಬಲಭಾಗ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಪೂರ್ತಿಯಾಗುತ್ತದೆ. ಒಂದೇ ಒಂದು ನಾಣ್ಯವಿರುವ ದೊರೆಗೆ ಈ ಭಾಗ್ಯವಿಲ್ಲ. ಅಪರೂಪವಾಗಿರುವುದು ಮತ್ತು ಗುರುತು ಸಿಗದಿರುವುದು ಎರಡೂ ಒಂದಕ್ಕೊಂದು ಗಂಟುಬಿದ್ದಿರುವುದು ಇಲ್ಲಿ.

ಇನ್ನು ಕೆಲವು ಬೇಗ ಬೇಗ.

ಗೋವೆಯ ಕದಂಬರು ತಮ್ಮ ಚಿನ್ನದ ನಾಣ್ಯದ ಮೇಲೆ ಸಂವತ್ಸರದ ಹೆಸರನ್ನೇ ಹಾಕಿಸಿದ್ದರು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಸುತ್ತಿ ಬರುವುದರಿಂದ, ದೊರೆ ಯಾರೆಂದು ತಿಳಿದರೆ ವರ್ಷ ಸಿಕ್ಕಂತೆಯೇ.

1397ರಲ್ಲಿ ಕಲಬುರಗಿಯ ಬಹಮನಿ ಗದ್ದುಗೆಯ ಮೇಲೆ ಒಂದೇ ವರ್ಷದಲ್ಲಿ ನಾಲ್ವರು ಸುಲ್ತಾನರು ಕೂತರು: ಇಮ್ಮಡಿ ಮುಹಮ್ಮದ್, ಎರಡು ತಿಂಗಳೂ ತುಂಬದ ಘಿಯಾಸುದ್ದೀನ್, ಸುಮಾರು ಐದು ತಿಂಗಳ ಶಂಸುದ್ದೀನ್ ದಾವೂದ್, ಆಮೇಲೆ ಫಿರೋಜ್ ಷಾ. ಆ ಸಾಲಿನ ನಾಣ್ಯದಲ್ಲಿ ಇಸವಿ ಓದಿದರೆ ಸಾಲದು, ಹೆಸರು ಓದಲೇಬೇಕು.

ಆ ಇಮ್ಮಡಿ ಮುಹಮ್ಮದನನ್ನು ಫೆರಿಶ್ತಾ ತನ್ನ ಇತಿಹಾಸದಲ್ಲಿ ‘ಮಹಮೂದ್’ ಎಂದು ಬರೆದುಬಿಟ್ಟ. ನಾಣ್ಯಗಳು ಸಿಕ್ಕಿ ಅದರ ಮೇಲೆ ‘ಮುಹಮ್ಮದ್’ ಎಂದಿರುವುದನ್ನು ಓದಿದ ಮೇಲೆಯೇ ತಪ್ಪು ತಿದ್ದಿದ್ದು.

ಬಸವಣ್ಣನವರ ಕಾಲದ ಬಿಜ್ಜಳನ ಮನೆತನ ಕಲ್ಯಾಣವನ್ನಾಳಿದ್ದು ಕಾಲು ಶತಮಾನದಷ್ಟೇ. ‘ಮುರಾರಿ’ ಎಂದು ಬರೆದ ಚಿನ್ನದ ನಾಣ್ಯವನ್ನು ಬಿಜ್ಜಳನ ಮಗ ಸೋವಿದೇವನದೆನ್ನುವುದು, ಅವನಿಗೆ ರಾಯಮುರಾರಿ ಎಂಬ ಬಿರುದಿದ್ದದ್ದರಿಂದ.

ಅಳಿಯ ರಾಮರಾಯ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಿಜಯನಗರವನ್ನು ನಡೆಸಿದ. ನಾಣ್ಯದ ಮೇಲಿರುವ ಹೆಸರು ಸದಾಶಿವರಾಯನದು. ರಾಮರಾಯನ ತಮ್ಮ ತಿರುಮಲ ಪಟ್ಟ ಕಟ್ಟಿಕೊಂಡು ಆಳಿದ್ದು 1570ರಿಂದ ಎರಡು ವರ್ಷ ಮಾತ್ರ. ಅವನ ವರಹದ ಮೇಲೆ ರಾಮ ಸೀತೆ ಕೂತಿದ್ದಾರೆ, ಲಕ್ಷ್ಮಣ ನಿಂತಿದ್ದಾನೆ.

1614ರಲ್ಲಿ ವೆಂಕಟಪತಿರಾಯ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಇಮ್ಮಡಿ ಶ್ರೀರಂಗನನ್ನು ಕೆಲವೇ ತಿಂಗಳಲ್ಲಿ ಸಂಸಾರ ಸಮೇತ ಕೊಂದುಹಾಕಿದರು. ಆ ಕಾಲದ ವರಹಗಳ ಮೇಲೆ ‘ಶ್ರೀ ವೆಂಕಟೇಶ್ವರಾಯ ನಮಃ’ ಎಂಬ ಬರಹವಿದೆ. ಅದು ತಿರುಪತಿಯ ದೇವರ ಹೆಸರು. ದೊರೆ ಬದಲಾದರೂ ದೇವರು ಬದಲಾಗಲಿಲ್ಲ. ಯಾವ ದೊರೆಯ ಕಾಲದ್ದೆಂದು ಹೇಳುವುದು ಅದಕ್ಕೇ ಕಷ್ಟ.

ಮೂರು ರಾಜ್ಯಗಳ ನಾಣ್ಯದಲ್ಲಿ ಒಂದೇ ಶಿವಪಾರ್ವತಿ ಇದ್ದಾರೆ, ಗೊತ್ತೇ? ಮೊದಲು ಇಕ್ಕೇರಿಯ ನಾಯಕರ ವರಹ. 1763ರಲ್ಲಿ ಬಿದನೂರು ಹೈದರ್ ಅಲಿಯ ಕೈಸೇರಿತು. ಅವನು ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಮ್ಮುಖದಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಹಾಕಿಸಿದ. ಆಮೇಲೆ ಮುಮ್ಮಡಿ ಕೃಷ್ಣರಾಜರು ಅದೇ ಶಿವಪಾರ್ವತಿಯ ಹಿಂದೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದು ಬರೆಸಿದರು. ಹೈದರನ ಕಾಲದಲ್ಲಿ ಮೈಸೂರಿನ ಸಿಂಹಾಸನದಲ್ಲಿ ಹೆಸರಿಗೆ ಕೂತಿದ್ದವರು ನಂಜರಾಜ ಒಡೆಯರು, 1770ರಿಂದ ಬೆಟ್ಟದ ಚಾಮರಾಜ ಒಡೆಯರು. ಇಬ್ಬರದೂ ನಾಲ್ಕು, ಆರು ವರ್ಷದ ಆಳ್ವಿಕೆ. ಹೈದರನ ವರಹದ ಮೇಲೆ ಅವರ ಹೆಸರಿಲ್ಲ. ಆ ಒಂಟಿ ಅಕ್ಷರ ನೋಡಿದಾಗಲೆಲ್ಲ ಅರಮನೆಯೊಳಗೆ ಬೆಳೆದು ಅಲ್ಲೇ ಕೊನೆಯಾದ ಆ ಎಳೆಯರು ನನಗೆ ನೆನಪಾಗುತ್ತಾರೆ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎನ್ನುವುದು ಸರಿಯೇ? ಸರಿಯಲ್ಲ. ರಾಜರಾಜ ಚೋಳನ ತಾಮ್ರದ ಕಾಸಿಗೆ ಸಾವಿರ ವರ್ಷ. ಆದರೆ ಲೆಕ್ಕವಿಲ್ಲದಷ್ಟು ಸಿಕ್ಕಿರುವುದರಿಂದ ಅದು ಅಪರೂಪವಲ್ಲ. ಅಪರೂಪ ಎಂದರೆ ಎಷ್ಟು ಉಳಿದಿವೆ ಎಂಬ ಲೆಕ್ಕ. ಆ ಲೆಕ್ಕವೂ ಶಾಶ್ವತವಲ್ಲ. ಉಳುವಾಗ ಒಂದು ಕುಡಿಕೆ ಒಡೆದು ಐವತ್ತು ನಾಣ್ಯ ಹೊರಬಿದ್ದರೆ, ನಿನ್ನೆಯವರೆಗೆ ಎರಡೇ ಇದ್ದದ್ದು ಇವತ್ತು ಐವತ್ತೆರಡಾಗುತ್ತದೆ.

‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ, ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರವಿರುವ ನಾಣ್ಯವನ್ನು ಯಾರಾದರೂ ಲಕ್ಷಗಟ್ಟಲೆ ಬೆಲೆ ಹೇಳಿ ತೋರಿಸಿದರೆ ಕೊಳ್ಳಬೇಡಿ. ಕಂಪನಿ ಅಂಥ ನಾಣ್ಯವನ್ನು ಹೊಡೆಸಲೇ ಇಲ್ಲ. ಅಕ್ಕಿಯನ್ನು ಸೆಳೆಯುವ ನಾಣ್ಯ, ರೈಸ್ ಪುಲ್ಲಿಂಗ್ ಎಂಬುದೆಲ್ಲ ಕಣ್ಕಟ್ಟು. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ಈ ಮಾತನ್ನು ನಂಬಿ ಜಮೀನು ಮಾರಿ ದುಡ್ಡು ಸುರಿದವರಿದ್ದಾರೆ.

ಕೊಳ್ಳೇಗಾಲ, ಯಳಂದೂರು ಅಕ್ಕಪಕ್ಕದ ಊರುಗಳಾದರೂ ಒಂದೂವರೆ ಶತಮಾನ ಬೇರೆ ಬೇರೆ ಆಡಳಿತದಲ್ಲಿದ್ದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂದಿನ ಹನೂರೂ ಸೇರಿ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಮತ್ತೆ ಒಂದಾದವು. ಇದಕ್ಕೂ ನಾಣ್ಯಕ್ಕೂ ಏನು ಸಂಬಂಧ? ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ಕ್ಕೆ ಶಾಸನ ಕೂಡಿಸಿದ್ದು ಮೈಸೂರು ಸಂಸ್ಥಾನದೊಳಗೆ. ಯಳಂದೂರಿನ ಶಾಸನಗಳು 1898ರ ಸಂಪುಟದಲ್ಲಿ ಬಂದವು, ಗಡಿಯಾಚೆಯ ಕೊಳ್ಳೇಗಾಲ ಹೊರಗುಳಿಯಿತು. ಆಗ ಕೊಳ್ಳೇಗಾಲದ ಹೊಲದಲ್ಲಿ ನಿಧಿ ಸಿಕ್ಕರೆ 1878ರ ಕಾಯ್ದೆಯಂತೆ ಕೊಯಮತ್ತೂರಿನ ಕಲೆಕ್ಟರಿಗೆ ತಿಳಿಸಬೇಕಿತ್ತು. ಈ ಸೀಮೆಯ ನಾಣ್ಯದ ಚರಿತ್ರೆ ಬರೆಯುವವರು ಮೈಸೂರಿನ ಕಡತವನ್ನೂ ಮದ್ರಾಸಿನ ಕಡತವನ್ನೂ ತಿರುವಲೇಬೇಕು.

ಕಾಸಿನ ಸರ ನೋಡಿದ್ದೀರಲ್ಲ? ಹಳೆಯ ನಾಣ್ಯಗಳ ಅತಿ ದೊಡ್ಡ ಶತ್ರು ಅದೇ. ಕೊಂಡಿ ಬೆಸೆಯುವಾಗ ಅಂಚಿನ ಅಕ್ಷರ ಕರಗಿಹೋಗುತ್ತದೆ. ತಾಮ್ರದ್ದಾದರೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುತ್ತಾರೆ; ಜೊತೆಗೆ ಬರಹವೂ ಸವೆದು ಹೋಗುತ್ತದೆ. ದೇವರ ಪೆಟ್ಟಿಗೆಯಲ್ಲಿ ಹಿರಿಯರು ಇಟ್ಟುಹೋದ ಕಾಸು ಇದ್ದರೆ ಹಾಗೇ ಇರಲಿ. ಅಂಚು ಹಿಡಿದು ಎತ್ತಿ, ಒಣಬಟ್ಟೆಯ ಮೇಲಿಟ್ಟು, ಎರಡೂ ಮುಖದ ಫೋಟೊ ತೆಗೆದುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು.

ಕೊನೆಯದಾಗಿ, ಅಲ್ಪಾಯುಷಿ ದೊರೆಗಳ ನಾಣ್ಯಕ್ಕೆ ಪಂಡಿತರು ಇಷ್ಟೊಂದು ಆಸೆ ಪಡುವುದೇಕೆ ಗೊತ್ತೇ? ನಲವತ್ತು ವರ್ಷ ಆಳಿದವನ ನಾಣ್ಯ ಒಂದು ಕುಡಿಕೆಯಲ್ಲಿ ಸಿಕ್ಕರೆ, ಕುಡಿಕೆ ಹೂತದ್ದು ಯಾವಾಗ ಎಂಬುದಕ್ಕೆ ಅದು ಕೊಡುವ ಸುಳಿವು ಸಡಿಲ. ನಲವತ್ತು ದಿನ ಆಳಿದವನ ನಾಣ್ಯ ಸಿಕ್ಕರೆ ಸುಳಿವು ಬಿಗಿಯಾಗುತ್ತದೆ. ಹನೂರಿನ ಕಡೆಯ ಒಂದು ಹೊಲದಲ್ಲಿ ಕುತ್ಬುದ್ದೀನನ ಒಂದೇ ಒಂದು ಕಾಸು, ಅದರ ಜೊತೆ ಹೆಸರೇ ಇಲ್ಲದ ಹತ್ತು ಹಣ ಒಂದೇ ಕುಡಿಕೆಯಲ್ಲಿ ಸಿಕ್ಕವೆಂದು ಇಟ್ಟುಕೊಳ್ಳಿ. ಆ ಕುಡಿಕೆಯನ್ನು 1339ಕ್ಕಿಂತ ಮೊದಲು ಯಾರೂ ಹೂತಿರಲಾರರು ಎಂದು ಅದೇ ಗಳಿಗೆಯಲ್ಲಿ ಹೇಳಬಹುದು. ಹೆಸರಿಲ್ಲದ ಆ ಹತ್ತು ಹಣಗಳು ಯಾರ ಕಾಲದಲ್ಲಿ ಚಲಾವಣೆಯಲ್ಲಿದ್ದವೆಂಬುದಕ್ಕೂ ದಾರಿ ತೆರೆಯುತ್ತದೆ. ಆದರೆ ಚಿನ್ನವನ್ನು ಒಬ್ಬರು, ತಾಮ್ರವನ್ನು ಇನ್ನೊಬ್ಬರು ಹಂಚಿಕೊಂಡು, ಕುಡಿಕೆಯ ಚೂರನ್ನು ಬದುವಿನಾಚೆ ಎಸೆದರೆ ಆ ನಂಟು ಅಲ್ಲಿಗೇ ಕಡಿಯುತ್ತದೆ. ಕುಡಿಕೆಯ ಚೂರನ್ನೂ ಎತ್ತಿಡಿ. ಎಷ್ಟು ಆಳದಲ್ಲಿತ್ತು, ಯಾವ ಬದುವಿನ ಪಕ್ಕ, ಜೊತೆಗೆ ಏನೇನಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.